ಜರ್ಮನಿಯಲ್ಲಿ ಭಾನುವಾರ ಹೊತ್ತು ಹೇಗೆ ಹೋಗುತ್ತೆ?

ಊರಿನ ಅತ್ತೆಯಿಂದ ಹಿಡಿದು ಇಲ್ಲಿಗೆ ಓದಲು ಹೊರಟಿರುವ ಹುಡುಗರವರೆಗೆ ಎಲ್ಲರೂ ಕೇಳುವುದು ಇದನ್ನೇ: "ಅಲ್ಲಿ ಭಾನುವಾರ ಅಂಗಡಿಯೂ ತೆಗೆಯಲ್ವಂತೆ, ಬೇಜಾರಾಗಲ್ವಾ?"

ತೆಗೆಯಲ್ಲ, ನಿಜ. ಭಾನುವಾರದ ರಜೆಗೆ ಇಲ್ಲಿ ಸಂವಿಧಾನದ್ದೇ ಕಾವಲು. ಜರ್ಮನಿಯ ಹಳೆಯ, 1919ರ ವೈಮಾರ್ ಸಂವಿಧಾನದಲ್ಲಿದ್ದ ಆ ಕಲಮನ್ನು 1949ರ ಈಗಿನ ಸಂವಿಧಾನದಲ್ಲೂ ಹಾಗೇ ಉಳಿಸಿಕೊಂಡರು. ಆದರೆ ಗಡಿಯ ಊರಾದ ಆಖೆನ್‌ನಲ್ಲಿರುವ ನಮಗೆ ಒಂದು ಕಳ್ಳದಾರಿ ಇದೆ. ಸಿಟಿ ಬಸ್ಸಿನಲ್ಲೇ ಗಡಿ ದಾಟಿದರೆ ನೆದರ್‌ಲೆಂಡ್ಸ್‌ನ ವಾಲ್ಸ್. ಅಲ್ಲಿ ಸೂಪರ್‌ಮಾರ್ಕೆಟ್ ತೆಗೆದಿರುತ್ತೆ. ಈರುಳ್ಳಿ ತರಲು ಬೇರೆ ದೇಶಕ್ಕೆ ಹೋಗಿದ್ದೆ ಅಂದರೆ ಅಮ್ಮ ಇನ್ನೂ ನಂಬಿಲ್ಲ. ಅಲ್ಲೇ ಗುಡ್ಡ ಹತ್ತಿದರೆ ಜರ್ಮನಿ, ಬೆಲ್ಜಿಯಂ, ನೆದರ್‌ಲೆಂಡ್ಸ್ ಮೂರೂ ಕೂಡುವ ಜಾಗ. ಎತ್ತರ 322 ಮೀಟರ್. ಯೂರೋಪಿನಲ್ಲಿರುವ ನೆದರ್‌ಲೆಂಡ್ಸ್ ನೆಲದಲ್ಲಿ ಅದಕ್ಕಿಂತ ಎತ್ತರದ್ದು ಇಲ್ಲವಂತೆ! ಮಲೆನಾಡಿನವರು ನಗಬೇಡಿ.

ಅಂಗಡಿಗಿಂತ ಕಷ್ಟ ಆಗೋದು ಬೇರೆ. ಇಲ್ಲಿ "ಸುಮ್ನೆ ಬಂದೆ ಕಣೋ" ಅಂತ ಯಾರ ಮನೆಗೂ ಹೋಗೋ ಹಾಗಿಲ್ಲ. ಕಾಫಿಗೆ ಕರೆದರೆ ಕ್ಲಾಸ್‌ಮೇಟ್ ಫೋನಿನಲ್ಲಿ ಕ್ಯಾಲೆಂಡರ್ ತೆಗೆದು, ಮುಂದಿನ ವಾರ ಬಿಟ್ಟು ಅದರ ಮುಂದಿನ ಗುರುವಾರ, ನಾಲ್ಕೂವರೆಗೆ ಆಗುತ್ತಾ ಅಂತಾನೆ. ತಪ್ಪಿಸಿಕೊಳ್ತಿದ್ದಾನೆ ಅನ್ಸುತ್ತೆ ಅಲ್ವಾ? ಇಲ್ಲ, ಆ ಗುರುವಾರ ನಾಲ್ಕು ಇಪ್ಪತ್ತೆಂಟಕ್ಕೇ ಬಂದು ನಿಂತಿರುತ್ತಾನೆ.

ಹಾಗಾಗಿ ಗೆಳೆತನ ಬೆಳೆಯೋದು ಹರಟೆಯಲ್ಲಲ್ಲ, ವಾರವಾರ ಒಟ್ಟಿಗೆ ಮಾಡುವ ಏನಾದರೊಂದು ಕೆಲಸದಲ್ಲಿ. ಯೂನಿವರ್ಸಿಟಿಯ ಕ್ರೀಡಾ ಕೇಂದ್ರದಲ್ಲಿ ಕಡಿಮೆ ದುಡ್ಡಿಗೆ ಬೇಕಾದಷ್ಟು ಆಟಗಳಿವೆ. ನಾನು ವಾಲಿಬಾಲ್‌ಗೆ ಹೋಗ್ತೀನಿ. ಆಟದಲ್ಲಿ ಯಾರೂ ಜಾಸ್ತಿ ಮಾತಾಡಲ್ಲ. ಮುಗಿದ ಮೇಲೆ ಎಲ್ಲರೂ ಸೇರಿ ನೆಟ್ ಬಿಚ್ಚಿ ಮಡಚುವಾಗ ಮಾತು ಶುರುವಾಗುತ್ತೆ. ನನಗೋಸ್ಕರ ಹತ್ತು ನಿಮಿಷ ಇಂಗ್ಲಿಷ್, ಆಮೇಲೆ ಅವರಿಗೇ ಗೊತ್ತಿಲ್ಲದಂತೆ ಜರ್ಮನ್. ಹಲ್ಲು ಕಿರಿದುಕೊಂಡು ನಿಂತಿರ್ತೀನಿ. ನನ್ನ ಅರ್ಧ ಜರ್ಮನ್ ಬಂದದ್ದು ಹಾಗೆ ನಿಂತೇ.

"ಬರೀ ನಮ್ಮವರ ಜೊತೆ ಇರಬೇಡಿ" ಅಂತ ಸೀನಿಯರ್‌ಗಳು ಉಪದೇಶ ಮಾಡ್ತಾರೆ. ನಾನು ಪೂರ್ತಿ ಒಪ್ಪಲ್ಲ. ಜ್ವರ ಬಂದಾಗ ಸಾರು ತಂದುಕೊಟ್ಟವರು ಕನ್ನಡದವರೇ. ಶನಿವಾರದ ಕ್ರಿಕೆಟ್‌ನಲ್ಲಿ ನಮ್ಮ ಜೊತೆ ಅಫ್ಘಾನ್ ಹುಡುಗರೂ ಆಡ್ತಾರೆ, ಬೌಲಿಂಗ್ ನೋಡಬೇಕು ನೀವು! ಆದರೆ ಏಳು ದಿನವೂ ಅದೇ ಗುಂಪು ಅಂದರೆ, ಎರಡು ವರ್ಷದ ಕೋರ್ಸ್ ಮುಗಿದರೂ ಬಾಯಲ್ಲಿ ಜರ್ಮನ್ ಅಂತ 'ಡಾಂಕೆ' (ಥ್ಯಾಂಕ್ಸ್) ಒಂದೇ ಉಳಿದಿರುತ್ತೆ.

ಅಕ್ಟೋಬರ್‌ಗೆ ಬರುವವರು ಆಟಗಳ ನೋಂದಣಿ ಯಾವತ್ತು ಶುರು ಅಂತ ಈಗಲೇ ನೋಡಿಟ್ಟುಕೊಂಡು ಅಲಾರಂ ಇಡಿ. ಬ್ಯಾಡ್ಮಿಂಟನ್ ಕೆಲವೇ ನಿಮಿಷದಲ್ಲಿ ಭರ್ತಿ ಆಗಿಬಿಡುತ್ತೆ. ಸಿಗದಿದ್ದರೆ ವಾಲಿಬಾಲ್‌ಗೆ ಬನ್ನಿ, ನೆಟ್ ಮಡಚೋಕೆ ಜನ ಬೇಕು.