ಒಂದು ಚೆಕ್, ಹಲವು ಮನೆ

ಬ್ಯಾಂಕಿನ ಮೇಜಿನ ಹಿಂದೆ ಅರ್ಧ ಆಯುಷ್ಯ ಕಳೆದವನು ನಾನು. ಚೆಕ್ಕುಗಳನ್ನು ಚೆಕ್ ಮಾಡುವುದು ನನ್ನ ಕೆಲಸವಾಗಿತ್ತು. ಒಂದೇ ಶಬ್ದ ಒಂದೇ ವಾಕ್ಯದಲ್ಲಿ ಎರಡು ವೇಷದಲ್ಲಿ ಬರುತ್ತಿದೆಯಲ್ಲ ಎಂದು ಯೋಚಿಸುವ ಪುರುಸೊತ್ತು ಸಿಕ್ಕಿದ್ದು ನಿವೃತ್ತಿಯ ನಂತರ. ಈಗ ದಪ್ಪ ಇಂಗ್ಲಿಷ್ ನಿಘಂಟುಗಳನ್ನು ಕಾದಂಬರಿಯಂತೆ ಓದುತ್ತೇನೆ. ಅವು ಈ ಶಬ್ದಕ್ಕೆ ತಡೆ, ತಪಾಸಣೆ, ಹಣದ ಆದೇಶ, ಚೌಕಳಿ ವಿನ್ಯಾಸ, ಸರಿ ಗುರುತು ಎಂದು ಅಂಕಿ ಹಾಕಿ ಅರ್ಥಗಳನ್ನು ಪೇರಿಸುತ್ತವೆ. ಒಂದಕ್ಕೂ ಇನ್ನೊಂದಕ್ಕೂ ನಂಟೇ ಇಲ್ಲವೇನೋ ಎಂಬಂತೆ. ನನ್ನ ವಾದ ಬೇರೆ. ಇವೆಲ್ಲದರ ನಡುವೆ ಒಬ್ಬ ರಾಜ ಇಕ್ಕಟ್ಟಿನಲ್ಲಿ ನಿಂತಿದ್ದಾನೆ. ಅವನನ್ನು ಕಂಡರೆ ಉಳಿದದ್ದು ತಾನಾಗಿಯೇ ಬಿಡಿಸಿಕೊಳ್ಳುತ್ತದೆ.

ನಮ್ಮ ಚತುರಂಗ ಪರ್ಷಿಯಾಕ್ಕೆ ಹೋಗಿ ಚತ್ರಂಗ್ ಆಯಿತು, ಅರಬರ ಬಾಯಲ್ಲಿ ಶತ್ರಂಜ್ ಆಯಿತು. ಎದುರಾಳಿಯ ರಾಜನ ಮೇಲೆ ಕಾಯಿ ಗುರಿಯಿಟ್ಟಾಗ ಪರ್ಷಿಯನ್ ಆಟಗಾರ 'ಶಾಹ್!' ಎಂದು ಎಚ್ಚರಿಸುತ್ತಿದ್ದ. ರಾಜ, ನೋಡಿಕೋ ಎಂದರ್ಥ. ಆ ಕೂಗು ಅರಬರ ಮೂಲಕ ಯುರೋಪಿಗೆ ದಾಟಿ, ಹಳೆಯ ಫ್ರೆಂಚಿನಲ್ಲಿ ಉಚ್ಚಾರ ಬದಲಿಸಿಕೊಂಡು, ಇಂಗ್ಲಿಷಿಗೆ ಬರುವಾಗ 'ಚೆಕ್' ಆಗಿತ್ತು. ಆ ಫ್ರೆಂಚ್ ಶಬ್ದದ ಬಹುವಚನವೇ ಇಂಗ್ಲಿಷರ 'ಚೆಸ್'. ಅಂದರೆ ಅವರು ಇಡೀ ಆಟಕ್ಕೆ 'ರಾಜರು' ಎಂದು ಹೆಸರಿಟ್ಟಂತಾಯಿತು. ಇನ್ನೂ ಹಿಂದಕ್ಕೆ ಹೋದರೆ ಶಾಹ್ ಎಂಬುದಕ್ಕೂ ಸಂಸ್ಕೃತದ ಕ್ಷತ್ರ, ಕ್ಷತ್ರಿಯ ಶಬ್ದಗಳಿಗೂ ಬೇರು ಒಂದೇ. ಆಳುವುದು ಎಂಬುದು ಆ ಬೇರಿನ ಅರ್ಥ. ವರ್ಷಗಟ್ಟಲೆ ನಾನು ಮುದ್ರೆ ಒತ್ತಿದ ಕಾಗದದ ತುಂಡು ಕ್ಷತ್ರಿಯನ ದೂರದ ನೆಂಟ ಎಂದು ತಿಳಿದ ದಿನ ನನಗೆ ನಗು ತಡೆಯಲಾಗಲಿಲ್ಲ.

ಚೆಕ್‌ಮೇಟ್‌ನ ಬಾಲದಲ್ಲಿರುವ 'ಮಾತ್' ಬಗ್ಗೆ ಒಂದು ಮಾತು. ಅರಬ್ಬಿಯಲ್ಲಿ ಅದು 'ಸತ್ತ' ಎಂಬ ಅರ್ಥ ಕೊಡುವುದರಿಂದ 'ರಾಜ ಸತ್ತ' ಎಂದೇ ಬಹಳ ಜನ ಹೇಳುತ್ತಾರೆ. ಪರ್ಷಿಯನ್ನಿನಲ್ಲಿ ಅದಕ್ಕೆ ದಿಕ್ಕು ತೋಚದವನು, ಕೈಸೋತವನು ಎಂಬ ಅರ್ಥವಿದೆ. ನನ್ನ ಮತ ಪರ್ಷಿಯನ್ನಿಗೆ. ಚದುರಂಗದಲ್ಲಿ ರಾಜನನ್ನು ಯಾರೂ ಕಡಿಯುವುದಿಲ್ಲ. ಕಾಲಿಡಲು ಮನೆಯಿಲ್ಲದಂತೆ ಮಾಡಿ ಬಿಡುತ್ತಾರೆ, ಅಷ್ಟೇ.

ಚೆಕ್ ಎಂದೊಡನೆ ಎದುರಾಳಿಯ ಉಳಿದ ಯೋಜನೆಗಳೆಲ್ಲ ನಿಲ್ಲಬೇಕು. ಮೊದಲು ರಾಜನ ಪಾಡು ನೋಡಬೇಕು. 'ತಡೆ' ಎಂಬ ಅರ್ಥ ಹುಟ್ಟಿದ್ದು ಅಲ್ಲಿಂದ. ತಡೆಯುವವನು ಹತೋಟಿಯಲ್ಲಿ ಇಡುತ್ತಾನೆ. ಹತೋಟಿಯಲ್ಲಿ ಇಡಬೇಕಾದರೆ ಒಂದನ್ನು ಇನ್ನೊಂದರ ಜೊತೆ ತಾಳೆ ನೋಡಬೇಕು. ಹೀಗೆ 17ನೇ ಶತಮಾನದ ಹೊತ್ತಿಗೆ ತಪಾಸಣೆಯ ಅರ್ಥ ಸೇರಿಕೊಂಡಿತು.

ಆದರೆ ನನ್ನಂಥ ಲೆಕ್ಕದವನಿಗೆ ಹೆಚ್ಚು ಹಿಡಿಸುವುದು ಇನ್ನೊಂದು ಕವಲು. ಹಳೆಯ ಫ್ರೆಂಚಿನಲ್ಲಿ ಚದುರಂಗದ ಹಾಸನ್ನು 'ಎಸ್ಚೆಕಿಯೇರ್' ಎನ್ನುತ್ತಿದ್ದರು. 12ನೇ ಶತಮಾನದ ಇಂಗ್ಲೆಂಡಿನಲ್ಲಿ ರಾಜನ ಆದಾಯದ ಲೆಕ್ಕ ನೋಡುವ ಸಭೆಗೆ ಅದೇ ಹೆಸರು ಬಿತ್ತು. ಅದೇ ಎಕ್ಸ್‌ಚೆಕರ್. ಕಾರಣ ಅಲ್ಲಿದ್ದ ಮೇಜು. ಆಗ ಖಜಾಂಚಿಯಾಗಿದ್ದ ರಿಚರ್ಡ್ ಫಿಟ್ಜ್‌ನೀಲ್ ಎಂಬಾತ ಗುರುಶಿಷ್ಯರ ಸಂಭಾಷಣೆಯ ರೂಪದಲ್ಲಿ ಅದನ್ನು ವರ್ಣಿಸಿಟ್ಟಿದ್ದಾನೆ. ಸುಮಾರು ಹತ್ತು ಅಡಿ ಉದ್ದ, ಐದು ಅಡಿ ಅಗಲ, ಬಿಲ್ಲೆ ಉರುಳಿ ಬೀಳದಂತೆ ಸುತ್ತ ನಾಲ್ಕು ಬೆರಳೆತ್ತರದ ಅಂಚು. ಮೇಲೆ ಗೆರೆ ಎಳೆದ ಕಪ್ಪು ಬಟ್ಟೆ. ಪೆನ್ನಿ ನಾಣ್ಯಕ್ಕೊಂದು ಅಂಕಣ, ಶಿಲ್ಲಿಂಗಿಗೊಂದು, ಪೌಂಡಿಗೊಂದು, ನೂರು ಸಾವಿರಗಳಿಗೆ ಬೇರೆ ಬೇರೆ. ರೋಮನ್ ಅಂಕಿಗಳಲ್ಲಿ ಕೂಡಿ ಕಳೆಯುವುದೆಂದರೆ ಶಿಕ್ಷೆಯೇ ಸರಿ, ಹಾಗಾಗಿ ಅಂಕಣಗಳಲ್ಲಿ ಬಿಲ್ಲೆಗಳನ್ನು ಇಟ್ಟು ಸರಿಸುತ್ತಿದ್ದರು. ರಾಜನಿಗಾಗಿ ಕಂದಾಯ ವಸೂಲಿ ಮಾಡುತ್ತಿದ್ದ ಪ್ರಾಂತ್ಯಗಳ ಶೆರಿಫರು ವರ್ಷಕ್ಕೆ ಎರಡು ಸಲ ಆ ಮೇಜಿನ ಮುಂದೆ ಬಂದು ಲೆಕ್ಕ ಒಪ್ಪಿಸಬೇಕಿತ್ತು. ಕೊಡಬೇಕಾದದ್ದೆಷ್ಟು, ಕೊಟ್ಟದ್ದೆಷ್ಟು ಎಂಬುದು ಅಕ್ಷರ ಬಾರದವನಿಗೂ ಕಣ್ಣೆದುರೇ ಕಾಣುತ್ತಿತ್ತು. ಮೇಜು ಹಾಸಿನಂತೆ ಕಾಣುತ್ತದೆ ಎಂಬುದಷ್ಟೇ ಫಿಟ್ಜ್‌ನೀಲ್‌ಗೆ ಸಾಲಲಿಲ್ಲ. ಚದುರಂಗದಲ್ಲಿ ಇಬ್ಬರು ರಾಜರು ಕಾದುವಂತೆ ಇಲ್ಲಿ ಖಜಾಂಚಿಯೂ ಶೆರಿಫನೂ ಕಾದುತ್ತಾರೆ ಎಂದೂ ಸೇರಿಸುತ್ತಾನೆ. ಲೆಕ್ಕಪರಿಶೋಧಕರ ಎದುರು ಕಡತ ಹಿಡಿದು ಕುಳಿತವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬ್ರಿಟನ್ನಿನ ಹಣಕಾಸು ಸಚಿವರನ್ನು ಇಂದಿಗೂ ಕರೆಯುವುದು ಎಕ್ಸ್‌ಚೆಕರ್‌ನ ಚಾನ್ಸಲರ್ ಎಂದೇ.

ಬ್ಯಾಂಕಿನ ಚೆಕ್ ಈ ಮೇಜಿನಿಂದ ನೇರವಾಗಿ ಇಳಿದು ಬಂದದ್ದು ಎಂದು ಹೇಳಿದರೆ ಕಥೆ ಚೆನ್ನಾಗಿರುತ್ತಿತ್ತು. ಅದು ಹಾಗಲ್ಲ. 18ನೇ ಶತಮಾನದಲ್ಲಿ ಚೆಕ್ ಎಂದರೆ ಮೊದಲು ಕೌಂಟರ್‌ಫಾಯಿಲ್, ಅಂದರೆ ಕಾಗದ ಹರಿದು ಕೊಟ್ಟ ಮೇಲೆ ಕೊಟ್ಟವರ ಬಳಿ ಉಳಿಯುವ ತುಂಡು. ಕೊಟ್ಟ ಕಾಗದವನ್ನು ಉಳಿದ ತುಂಡಿನ ಜೊತೆ ತಾಳೆ ನೋಡಿ ವಂಚನೆಯನ್ನು ತಡೆಯಲು ಅದು ಇತ್ತು. ಆಮೇಲೆ ಹೆಸರು ತುಂಡಿನಿಂದ ಕಾಗದಕ್ಕೆ ದಾಟಿತು. ಆದರೆ ಬ್ರಿಟಿಷರು ಎಕ್ಸ್‌ಚೆಕರ್‌ನ ಪ್ರಭಾವದಲ್ಲಿ ಅದರ ಕಾಗುಣಿತವನ್ನು ಬದಲಿಸಿ, 'ಕ್ಯು' ಅಕ್ಷರ ತುರುಕಿ ಉದ್ದ ಮಾಡಿಕೊಂಡರು. ಅಮೆರಿಕದವರು ಹಳೆಯ ಚಿಕ್ಕ ರೂಪವನ್ನೇ ಇಟ್ಟುಕೊಂಡರು. ಅದನ್ನು ಅಮೆರಿಕನ್ ಅಡ್ಡದಾರಿ ಎಂದು ಮೂಗು ಮುರಿಯುತ್ತಿದ್ದ ಹಿರಿಯ ಅಧಿಕಾರಿಯೊಬ್ಬರು ನಮ್ಮಲ್ಲಿದ್ದರು. ಈಗ ಸಿಕ್ಕಿದರೆ ವಿಷಯ ತಿಳಿಸುತ್ತಿದ್ದೆ. ಅಂದಹಾಗೆ ಎಕ್ಸ್‌ಚೆಕರ್‌ನ 'ಎಕ್ಸ್' ಕೂಡ ಮೂಲದಲ್ಲಿ ಇರಲಿಲ್ಲ. ಲ್ಯಾಟಿನ್ ಬಲ್ಲವರು ಫ್ರೆಂಚಿನ 'ಎಸ್' ಅನ್ನು ತಿದ್ದಲು ಹೋಗಿ ಇಲ್ಲದ್ದನ್ನು ಸೇರಿಸಿದ್ದು.

ಚೌಕಳಿ ಅಂಗಿಯ 'ಚೆಕ್ಸ್' ಆ ಹಾಸಿನ ಮನೆಗಳಿಂದಲೇ ಬಂತು. ಬೇಟೆಗೆ ಬಿಟ್ಟ ಡೇಗೆ ಗುರಿ ಬಿಟ್ಟು ಬೇರೆ ಹಕ್ಕಿಯ ಹಿಂದೆ ಹೋದರೂ ಸಾಕುವವರು ಅದನ್ನು ಚೆಕ್ ಎನ್ನುತ್ತಿದ್ದರು. ಅಮೆರಿಕದ ಬೇಸ್‌ಬಾಲ್ ಆಟ ಮಳೆಯಿಂದ ನಿಂತಾಗ ಇನ್ನೊಂದು ದಿನ ಬರಲು ಕೊಡುತ್ತಿದ್ದ ಚೀಟಿ 'ರೇನ್ ಚೆಕ್'. ಕರೆದವರಿಗೆ 'ಇವತ್ತು ಬೇಡ, ಇನ್ನೊಮ್ಮೆ ಬರುತ್ತೇನೆ' ಎನ್ನಲು ಅಲ್ಲಿಯವರು ಈಗಲೂ ಅದನ್ನು ಬಳಸುತ್ತಾರೆ.

ಚೆಕ್ ಗಣರಾಜ್ಯದ ಚೆಕ್ ಮಾತ್ರ ಈ ಮನೆತನದ್ದಲ್ಲ. ಅದು ಒಂದು ಸ್ಲಾವ್ ಜನಾಂಗದ ಹೆಸರು, ಇಂಗ್ಲಿಷಿಗೆ ಪೋಲಿಷ್ ಕಾಗುಣಿತದಲ್ಲಿ ಬಂದಿದೆ. ಆದರೆ ಆ ದೇಶದವರು ಚದುರಂಗವನ್ನು ಏನೆನ್ನುತ್ತಾರೆ ಎಂದು ಹುಡುಕಿದೆ. 'ಶಖಿ' ಎನ್ನುತ್ತಾರೆ. ಮತ್ತೆ ಅದೇ ಶಾಹ್.