ಲೇಡೀಸ್ ಬ್ಯಾಚ್

ನಮ್ಮ ಏರಿಯಾದ ಈಜುಕೊಳದಲ್ಲಿ ಇವತ್ತು ಹೊಸ ಬೋರ್ಡ್. ಲೇಡೀಸ್ ಬ್ಯಾಚ್ ಬೆಳಿಗ್ಗೆ 11ರಿಂದ 12.

ಆ ಸುಡುಬಿಸಿಲಲ್ಲಿ, ಅಡುಗೆಮನೆ ಬಿಟ್ಟು, ಆಫೀಸು ಬಿಟ್ಟು ಯಾರು ಬರ್ತಾರೆ? ಕೇಳಿದರೆ 'ಬೇಡಿಕೆನೇ ಇಲ್ಲ ಮೇಡಂ' ಅಂತಾರೆ.

ತಕ್ಷಣ ನೆನಪಾಗಿದ್ದು ನ್ಯೂಯಾರ್ಕಿನ ಕಾಲನಿ ಕ್ಲಬ್, ಹೆಂಗಸರೇ ತಮಗಾಗಿ ಕಟ್ಟಿಕೊಂಡ ಕ್ಲಬ್. ಒಂಟಿ ಹೆಂಗಸು ಹೋಟೆಲಲ್ಲಿ ರೂಮು ಮಾಡಿದರೆ ಜನ ಹುಬ್ಬೇರಿಸುತ್ತಿದ್ದ ಕಾಲ. ಗಂಡಸರಿಗೋ, ಬೀದಿಗೊಂದು ಕ್ಲಬ್ಬು. ಅಲ್ಲಿನ ಶ್ರೀಮಂತ ಮನೆತನದ ಫ್ಲಾರೆನ್ಸ್ ಹ್ಯಾರಿಮನ್ ಮತ್ತು ಗೆಳತಿಯರು 1903ರಲ್ಲಿ ತಮ್ಮದೇ ಒಂದು ಕ್ಲಬ್ ಶುರು ಮಾಡಿದರು.

1907ರಲ್ಲಿ ಮ್ಯಾಡಿಸನ್ ಅವೆನ್ಯೂದಲ್ಲಿ ಕಟ್ಟಡ ಬಾಗಿಲು ತೆರೆಯಿತು. ಒಳಗೆ ಈಜುಕೊಳ, ಜಿಮ್, ಉಳಿದುಕೊಳ್ಳೋಕೆ ರೂಮು. ಟೈಮಿಂಗ್ಸ್ ಕೇಳೋಕೆ ಯಾರ ಮುಂದೆಯೂ ನಿಲ್ಲಬೇಕಿರಲಿಲ್ಲ!

ಒಳಾಂಗಣ ಮಾಡಿದ್ದು ಎಲ್ಸಿ ಡಿ ವುಲ್ಫ್, ಮೊದಲು ನಾಟಕದ ನಟಿ. ಆ ಕಾಲದ ಕ್ಲಬ್ಬುಗಳೆಂದರೆ ಕಪ್ಪು ಮರ, ದಪ್ಪ ಪರದೆ, ಚುಟ್ಟಾ ಹೊಗೆ. ಇವಳು ಒಂದು ಕೋಣೆಯ ಗೋಡೆಗೆಲ್ಲ ಹಸಿರು ಬಣ್ಣದ ಮರದ ಜಾಲರಿ ಹೊಡೆಸಿದಳು, ನಮ್ಮಲ್ಲಿ ಮಲ್ಲಿಗೆ ಬಳ್ಳಿ ಹಬ್ಬಿಸೋಕೆ ಕಟ್ಟುವ ಚಪ್ಪರದ ಹಾಗೆ. ಮನೆಯೊಳಗೇ ತೋಟ. ನನಗಂತೂ ಆ ಕೋಣೆಯಲ್ಲಿ ಕೂತು ಒಂದು ಲೋಟ ಕಾಫಿ ಕುಡಿಯಬೇಕು ಅನ್ನಿಸುತ್ತೆ.

ಹಾಗಂತ ಎಲ್ಲ ಹೆಂಗಸರಿಗೂ ಅಲ್ಲಿ ಪ್ರವೇಶ ಇತ್ತು ಅಂದುಕೊಳ್ಳಬೇಡಿ. ಪಕ್ಕಾ ಶ್ರೀಮಂತರ ಕ್ಲಬ್ಬು. ನಮ್ಮನ್ನೆಲ್ಲ ಗೇಟಲ್ಲೇ ನಿಲ್ಲಿಸ್ತಿದ್ರು.

ಆದರೂ 1909ರ ಡಿಸೆಂಬರಿನಲ್ಲಿ, ಮುಷ್ಕರ ಹೂಡಿದ್ದ ಗಾರ್ಮೆಂಟ್ಸ್ ಹುಡುಗಿಯರನ್ನ ಅದೇ ಕ್ಲಬ್ಬಿಗೆ ಕರೆಸಿ ಅವರ ಕಷ್ಟ ಕೇಳಿದರು, ಚಂದಾನೂ ಎತ್ತಿದರು. ಕರೆಸಿದವರಲ್ಲಿ ಒಬ್ಬಳು ಆನ್ ಮಾರ್ಗನ್. ಬ್ಯಾಂಕ್ ದೊರೆ ಜೆ. ಪಿ. ಮಾರ್ಗನ್ನನ ಮಗಳು!