ಪಾಂಡೆರೋಸಾ ತುಂಡಿನ ಉಂಗುರ ಎಣಿಕೆ: ಆರನೇ ವಾರ

ಕೊನೆಗೂ ಉಂಗುರಗಳು ಬಿಡಿಬಿಡಿಯಾಗಿ ಕಾಣುತ್ತಿವೆ! ಒರಟಾದ 80ರ ಸ್ಯಾಂಡ್‌ಪೇಪರ್‌ನಿಂದ ಶುರು ಮಾಡಿ ನುಣುಪಾದ 400ಕ್ಕೆ ಬರುವಷ್ಟರಲ್ಲಿ ನಾಲ್ಕು ಭಾನುವಾರ ಹೋದವು.

ಹೊಸದಾಗಿ ಓದುವವರಿಗೆ: ಇದು ಅರಿಜೋನಾದ ಫ್ಲ್ಯಾಗ್‌ಸ್ಟಾಫ್‌ನಲ್ಲಿ ನಮ್ಮ ಪಕ್ಕದವರ ಜಾಗದಲ್ಲಿ ತೊಗಟೆ ಹುಳು ಬಿದ್ದು ಒಣಗಿದ ಮುದಿ ಪಾಂಡೆರೋಸಾ ಪೈನ್‌ನ ಬುಡದ ತುಂಡು. ಬುಡದ ಒಂದು ಪಕ್ಕದಲ್ಲಿ ತ್ರಿಕೋನದ ಕರಿ ಪೊಟರೆ ಇತ್ತು, ಇಲ್ಲಿಯವರು ಅದಕ್ಕೆ ಕ್ಯಾಟ್‌ಫೇಸ್ ಅನ್ನುತ್ತಾರೆ. ಅದಕ್ಕೋಸ್ಕರವೇ ಕೇಳಿ ತಂದೆ. ನೆಲದ ಬೆಂಕಿ ಹಾದು ಹೋದಾಗ ತೊಗಟೆಯ ಕೆಳಗಿನ ಜೀವಂತ ಪದರ ಒಂದು ಕಡೆ ಸಾಯುತ್ತದೆ, ಮರ ಎರಡೂ ಬದಿಯಿಂದ ಹೊಸ ಕಟ್ಟಿಗೆ ಸುತ್ತಿಕೊಂಡು ಗಾಯ ಮುಚ್ಚಲು ನೋಡುತ್ತದೆ, ಅಷ್ಟರಲ್ಲಿ ಮುಂದಿನ ಬೆಂಕಿ ಬಂದು ಅದೇ ಜಾಗವನ್ನು ಮತ್ತೆ ಸುಡುತ್ತದೆ. ಹೀಗೆ ಒಂದರ ಪಕ್ಕ ಒಂದು ಗಾಯದ ಗೆರೆ. ನನ್ನ ತುಂಡಿನಲ್ಲಿ ಒಂಬತ್ತು ಇವೆ.

ಮರ ವರ್ಷಕ್ಕೊಂದು ಉಂಗುರ ಕಟ್ಟುತ್ತದೆ, ಆದರೆ ಯಾವ ಗಾಯ ಯಾವ ಇಸವಿಯದು ಅಂತ ಹಿಡಿಯೋದೇ ಕಷ್ಟದ ಕೆಲಸ. ಸುಮ್ನೆ ಹೊರಗಿನಿಂದ ಎಣಿಸಿದರೆ ಆಗುವುದಿಲ್ಲ. ಭಾರಿ ಬರದ ವರ್ಷಗಳ ಉಂಗುರ ಕೂದಲೆಳೆಯಷ್ಟು ಸಣ್ಣ. 2002, 1904, 1847 ಈ ಭಾಗದ ಮರಗಳಲ್ಲಿ ಹಾಗೆ ಸಣ್ಣ ಉಂಗುರ ಕಾಣುವ ಗುರುತಿನ ವರ್ಷಗಳು. ಕಾಗದದ ಪಟ್ಟಿ ಮೇಲೆ ಸಣ್ಣ ಉಂಗುರಗಳಿಗೆ ಉದ್ದ ಗೆರೆ ಎಳೆದು ಆ ವರ್ಷಗಳಿಗೆ ಹೊಂದಿಸಿ ನೋಡಬೇಕು. ಈ ಪದ್ಧತಿ ಕಟ್ಟಿದ ಎ. ಇ. ಡಗ್ಲಸ್ ಇದೇ ಊರಿಗೆ ನಕ್ಷತ್ರ ನೋಡಲು ಬಂದವರು, ಸೂರ್ಯನ ಕಲೆಗಳ ಜಾಡು ಹುಡುಕುತ್ತಾ ಮರದ ಉಂಗುರಕ್ಕೆ ಇಳಿದವರು. ನನ್ನ ಮೊದಲ ಎಣಿಕೆ ಒಂದು ವರ್ಷ ತಪ್ಪಿತ್ತು. 1904ರ ಉಂಗುರ ತುಂಡಿನ ಅರ್ಧದಲ್ಲಿ ಇಲ್ಲವೇ ಇಲ್ಲ! ಆ ವರ್ಷ ಆ ಕಡೆ ಮರ ಬೆಳೆದೇ ಇರಲಿಲ್ಲ.

ಸರಿಪಡಿಸಿದ ಮೇಲೆ ಸಿಕ್ಕಿದ್ದು ಇದು. ಗಾಯಗಳ ನಡುವಿನ ಅಂತರ ನಾಲ್ಕರಿಂದ ಹದಿನೇಳು ವರ್ಷ. ಕೊನೆಯದು 1876. ಆಮೇಲೆ ಒಂದೂ ಇಲ್ಲ.

ಊರಿಗೆ ರೈಲು ಬಂದದ್ದು 1882ರಲ್ಲಿ. ಅದರ ಜೊತೆ ಕುರಿ, ದನ ಜಾಸ್ತಿಯಾದವು, ಬೆಂಕಿಯನ್ನು ಹೊತ್ತು ಓಡಾಡಿಸುತ್ತಿದ್ದ ಹುಲ್ಲನ್ನು ಮೇಯ್ದು ಹಾಕಿದವು. ಆಮೇಲೆ ಸರ್ಕಾರ ಕಂಡ ಬೆಂಕಿಯನ್ನೆಲ್ಲ ಆರಿಸತೊಡಗಿತು. 1919ರಲ್ಲಿ ಮಳೆ, ಬೀಜ ಎಲ್ಲ ಕೂಡಿಬಂದು ಸಸಿಗಳು ಒತ್ತೊತ್ತಾಗಿ ಎದ್ದವು, ತೆಳುವು ಮಾಡಲು ಬೆಂಕಿ ಇರಲಿಲ್ಲ. ಊರ ಹೊರಗಿನ ಫೋರ್ಟ್ ವ್ಯಾಲಿಯಲ್ಲಿ ಲೆಕ್ಕ ಹಾಕಿದ ಒಂದು ಜಾಗದಲ್ಲಿ 1876ರಲ್ಲಿ ಹೆಕ್ಟೇರಿಗೆ ಸುಮಾರು 60 ಮರ, 1992ರಲ್ಲಿ 3,000ಕ್ಕೂ ಹೆಚ್ಚು! ನನ್ನ ತುಂಡಿನಲ್ಲೂ 1940ರಿಂದ ಈಚೆಗೆ ಉಂಗುರಗಳು ಒಂದಕ್ಕೊಂದು ಅಂಟಿಕೊಂಡಂತಿವೆ. ವಯಸ್ಸಾದರೆ ಉಂಗುರ ಹೇಗೂ ಸಣ್ಣದಾಗುತ್ತದೆ, ಒಪ್ಪುತ್ತೇನೆ. ಆದರೆ ಸುತ್ತ ಅಷ್ಟೊಂದು ಬಾಯಿಗಳು ಅದೇ ನೀರಿಗೆ ಕಾದು ಕುಳಿತಿದ್ದವು, ಅದನ್ನು ಮರೆಯಲು ಆಗುವುದಿಲ್ಲ. ನೀರು ಸಾಲದ ಮರಕ್ಕೆ ಹುಳುವನ್ನು ಹೊರದಬ್ಬುವಷ್ಟು ರಾಳ ಸುರಿಸಲು ಶಕ್ತಿ ಇರುವುದಿಲ್ಲ. ಒಂಬತ್ತು ಬೆಂಕಿ ತಡೆದುಕೊಂಡ ಮರ ಹೋದದ್ದು ಹೀಗೆ. ಇದನ್ನು ಬರೆಯುವಾಗ ನಿಜಕ್ಕೂ ಸಂಕಟವಾಗುತ್ತದೆ.

ಈ ಒತ್ತು ಸಸಿಗಳೇ ಈಗ ಏಣಿ. ಮುದಿ ಪಾಂಡೆರೋಸಾ ಕೆಳಗಿನ ಕೊಂಬೆ ಉದುರಿಸಿಕೊಂಡು, ದಪ್ಪ ತೊಗಟೆ ಹೊದ್ದು ನಿಂತಿದ್ದರೂ ಬೆಂಕಿ ಸಸಿ ಹತ್ತಿ ನೆತ್ತಿಗೆ ಹೋಗುತ್ತದೆ. 2010ರ ಶುಲ್ಟ್ಜ್ ಬೆಂಕಿ ಊರ ಮೇಲಿನ ಬೆಟ್ಟದಲ್ಲಿ 15,000 ಎಕರೆ ಸುಟ್ಟಿತು, ಮಳೆಗಾಲ ಬಂದಾಗ ಬೋಳು ಇಳಿಜಾರಿನಿಂದ ನೆರೆ ಮನೆಗಳಿಗೆ ನುಗ್ಗಿತು. ಪಾಂಡೆರೋಸಾ ಬೀಜ ದೂರ ಹಾರುವುದಿಲ್ಲ, ದೊಡ್ಡ ಜಾಗ ಪೂರ್ತಿ ಸತ್ತರೆ ನಡುವೆ ಪೈನ್ ಹುಟ್ಟುವುದೇ ಕಷ್ಟ.

ನಾನು ಚಾಮರಾಜನಗರದ ಕಡೆಯವನು. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ತರಗು ಬೆಂಕಿ (ನೆಲದ ಒಣ ಎಲೆಗೆ ಹಾಕುವ ಸಣ್ಣ ಬೆಂಕಿ) ನಿಂತ ಮೇಲೆ ಲಂಟಾನ ಕಳೆ ಕಾಡನ್ನು ನುಂಗಿತು ಅನ್ನುತ್ತಾರಲ್ವಾ, ಕಾಡು ಬೇರೆ, ಮರ ಬೇರೆ, ಆದರೂ ಈ ತುಂಡಿನ ಮುಂದೆ ಕೂತಾಗ ಆ ಮಾತೇ ನೆನಪಾಗುತ್ತದೆ.

ಮುಂದಿನ ಕೆಲಸ: ನಮ್ಮ ಬೀದಿಯ ಹಿಂದಿನ ಕಾಡಿಗೆ ಚಳಿಗೆ ಮುಂಚೆ, ಹಳೆಯ ನೆಲದ ಬೆಂಕಿಯ ಹಾಗೆ, ಬೇಕಂತಲೇ ಸಣ್ಣ ಬೆಂಕಿ ಹಾಕುವವರಿದ್ದಾರೆ. ಪಕ್ಕದವರ ಜಾಗದ ಅಂಚಿನಲ್ಲಿ ಇನ್ನೂ ಎರಡು ಮುದಿ ಮರಗಳಿವೆ. ಅವುಗಳ ಬುಡದಲ್ಲಿ ಗೇಣುದ್ದ ತರಗು ಕೂತಿದೆ, ಅದು ದಿನಗಟ್ಟಲೆ ಕುಮುಲಿದರೆ ಬೇರು ಬೇಯುತ್ತದೆ. ಶನಿವಾರ ಕುಂಟೆ ಹಿಡಿದು ಬುಡ ಬಿಡಿಸುತ್ತೇವೆ. 600ರ ಸ್ಯಾಂಡ್‌ಪೇಪರ್ ಅದಾದ ಮೇಲೆ.